ಬಣ್ಣ ಕೀಳುವ ಪುಡಿ

ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ಸೀಮೆಯಲ್ಲಿ ಎಲ್ಲೇ ನಾಟಕ ಕಟ್ಟಿದರೂ ಎರಡು ವಿಷಯ ಮೊದಲೇ ತೀರ್ಮಾನವಾಗಬೇಕಿತ್ತು. ರಾಜನ ಪಾರ್ಟು ಯಾರಿಗೆ ಎನ್ನುವುದು ಒಂದು. ಅದು ಜಗಳವಿಲ್ಲದೆ ಬಗೆಹರಿದದ್ದನ್ನು ಯಾರೂ ಕಂಡಿಲ್ಲ. ಬಣ್ಣಕ್ಕೆ ಯಾರು ಎನ್ನುವುದು ಇನ್ನೊಂದು. ಅದಕ್ಕೆ ಜಗಳವೇ ಇರಲಿಲ್ಲ. ಕೊಳ್ಳೇಗಾಲದ ನೇಕಾರರ ಬೀದಿಯ ದೇವಣ್ಣ ಇದ್ದ.

ದೇವಣ್ಣ ಹಗಲೆಲ್ಲ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುವ ಮನುಷ್ಯ. ನಾಟಕವಿದ್ದ ದಿನ ಮಾತ್ರ ಮಧ್ಯಾಹ್ನಕ್ಕೇ ಮಗ್ಗ ಬಿಟ್ಟು, ತಗಡಿನ ಪೆಟ್ಟಿಗೆ ಹಿಡಿದು ಬಸ್ಸು ಹತ್ತುತ್ತಿದ್ದ. ಬಿಸಿಲಲ್ಲಿ ಉತ್ತು ಕರಕಲಾದ, ಮೀಸೆ ಬೋಳಿಸಿ ಮೂತಿ ಹಸಿರಾದ ಗಂಡಾಳನ್ನು ಎದುರಿಗೆ ಕೂರಿಸಿಕೊಂಡು ರಾಣಿ ಮಾಡಿ ಎಬ್ಬಿಸುತ್ತಿದ್ದ. ಹನೂರಿನ ಕಡೆ ಒಂದೂರಲ್ಲಿ ರಾಣಿ ಪಾರ್ಟಿನವನ ಹೆಂಡತಿಯೇ ಗಂಡನನ್ನು ಗುರುತಿಸದೆ, ಆ ಹೆಂಗಸು ಯಾರು, ನಮ್ಮ ಯಜಮಾನರ ಟವಲು ಅವಳ ಹೆಗಲಿಗೆ ಹೇಗೆ ಬಂತು ಎಂದು ಬಣ್ಣದ ಕೋಣೆಯ ಬಾಗಿಲಲ್ಲಿ ಗಲಾಟೆ ಎಬ್ಬಿಸಿದ್ದಳು. ಈ ಕತೆಯನ್ನು ಜನ ಹೇಳಿಕೊಂಡು ನಗುತ್ತಿದ್ದರು. ದೇವಣ್ಣ ಅಷ್ಟಾಗಿ ನಗುತ್ತಿರಲಿಲ್ಲ.

ಅವನಲ್ಲಿ ಮೂರು ವಿಚಿತ್ರಗಳಿದ್ದವು. ಯಾರ ಮುಖವೇ ಆಗಲಿ, ಬಣ್ಣ ಶುರು ಮಾಡುವುದು ಎಡಗೆನ್ನೆಯಿಂದ. ಬಣ್ಣ ಕಲಿಯುತ್ತೇನೆಂದು ಯಾರಾದರೂ ಬಂದರೆ, ವರ್ಷವಾಗುವ ತನಕ ಅವನು ತನ್ನ ಮುಖಕ್ಕೇ ಹಚ್ಚಿಕೊಂಡು ಕಲಿಯಬೇಕು, ಬೇರೆಯವರ ಚರ್ಮ ಮುಟ್ಟುವಂತಿಲ್ಲ. ಇನ್ನು ಬಣ್ಣದ ಕೋಣೆಯಲ್ಲಿ ಯಾರಾದರೂ ತಮಾಷೆಗೆ ಒಬ್ಬರಿಂದ ಒಬ್ಬರು ಆಣೆ ಹಾಕಿಸಿಕೊಂಡರೆ ಸಾಕು, ಕೈಯಲ್ಲಿದ್ದ ಬಣ್ಣ ಕೆಳಗಿಡುತ್ತಿದ್ದ. ಆಣೆ ಹಾಕಿಸಿದವನೇ ‘ಬಿಟ್ಟೆ’ ಎಂದು ಬಾಯಿಬಿಟ್ಟು ಹೇಳಿ ಆಣೆ ಬಿಡಿಸುವ ತನಕ ಮತ್ತೆ ಮುಟ್ಟುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ನಮ್ಮ ಗುರುಗಳ ಪದ್ಧತಿ ಎನ್ನುತ್ತಿದ್ದ. ಸುಳ್ಳು. ಗುರುವಿಗೆ ಅಂಥ ಪದ್ಧತಿ ಒಂದೂ ಇರಲಿಲ್ಲ.

ಆ ಗುರು ಹನೂರಿನ ಚಿಕ್ಕಮಾದಪ್ಪ. ಐವತ್ತಾರನೇ ಇಸವಿಯಲ್ಲಿ ಕೊಳ್ಳೇಗಾಲ ಮದರಾಸಿನ ಕೈಬಿಟ್ಟು ಮೈಸೂರಿಗೆ ಸೇರಿದಾಗ ನೇಕಾರರ ಬೀದಿಯ ಹುಡುಗರಿಗೆ ಹುಮ್ಮಸ್ಸು ಬಂದು ಒಂದು ನಾಟಕ ಆಡಬೇಕೆಂದು ಹೊರಟರು. ಬಣ್ಣಕ್ಕೆಂದು ಚಿಕ್ಕಮಾದಪ್ಪನನ್ನು ಕರೆಸಿದರು. ಒಬ್ಬನೇ ಅಷ್ಟು ಮುಖ ಮಾಡಲಾರೆ, ಕೈಗೊಬ್ಬ ಬೇಕು ಎಂದು ಅವನು ಕೇಳಿದಾಗ, ಆಗಿನ್ನೂ ಹದಿನೆಂಟರ ದೇವಣ್ಣ ನಾನು ಎಂದು ಮುಂದೆ ನುಗ್ಗಿದ. ಹುಡುಗನಿಗೆ ಮುಖದ ಬಣ್ಣದ ಗಂಧಗಾಳಿ ಇರಲಿಲ್ಲ. ಆದರೆ ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ ತಾಮ್ರದ ಕಡಾಯಿಯಿತ್ತು, ಅಪ್ಪ ಮಹದೇವಯ್ಯ ಅದರಲ್ಲಿ ರೇಷ್ಮೆ ಹುರಿಗೆ ಬಣ್ಣ ಹಾಕುತ್ತಿದ್ದ. ಹುಟ್ಟಿದಾಗಿನಿಂದ ಬಣ್ಣದಲ್ಲೇ ಬೆಳೆದವನಿಗೆ ಬಣ್ಣ ಹೇಳಿಕೊಡಬೇಕೇ ಎಂಬ ಜಂಬ.

ಚಿಕ್ಕಮಾದಪ್ಪ ಜಂಬ ಕಂಡು ನಕ್ಕ. ಬಿಳಿಗೆ ಸಫೇದ, ಹಳದಿಗೆ ಅರ್ದಳ, ಕೆಂಪಿಗೆ ಇಂಗಳೀಕ ಎಂದು ಪೆಟ್ಟಿಗೆ ತೆಗೆದು ತೋರಿಸಿದ. ಕೊಬ್ಬರಿ ಎಣ್ಣೆಯಲ್ಲಿ ಅಂಗೈ ಮೇಲೆ ಹೇಗೆ ಅರೆಯಬೇಕೆಂದು ಹೇಳಿಕೊಟ್ಟ. ಒಂದು ಚಿಟಿಕೆ ಸಫೇದ ಪೊಟ್ಟಣ ಕಟ್ಟಿ ಕೊಟ್ಟು, ಮನೆಯಲ್ಲಿ ಯಾರದಾದರೂ ಮುಖದ ಮೇಲೆ ಕೈ ಪಳಗಿಸಿಕೊಂಡು ಬಾ ಎಂದ. ಕೆಂಪನ್ನು ಮಾತ್ರ ಕೊಡಲಿಲ್ಲ. ಕಲಿಯುವವನ ಕೈಗೆ ಕೊಟ್ಟು ಹಾಳುಮಾಡುವ ಸಾಮಾನಲ್ಲ ಅದು ಎಂದು ಪೆಟ್ಟಿಗೆ ಮುಚ್ಚಿದ.

ಮನೆಯಲ್ಲಿ ಯಾರದಾದರೂ ಮುಖ ಎಂದರೆ ಯಾರದು? ಅಪ್ಪನಿಗೆ ನಾಟಕವೆಂದರೆ ಮೈಯೆಲ್ಲ ಉರಿ. ಮೂತಿಗೆ ಬಣ್ಣ ಬಳಿದುಕೊಂಡವನ ಮಗ್ಗ ಉದ್ಧಾರವಾಗುವುದಿಲ್ಲ, ಆ ಕಡೆ ಕಾಲಿಟ್ಟರೆ ಮೂಳೆ ಮುರಿಯುತ್ತೇನೆ ಎಂದು ಮೊದಲೇ ಹೇಳಿದ್ದ. ಅವ್ವ ವಸಂತಮ್ಮ ಅಪ್ಪನ ಮಾತು ದಾಟುವವಳಲ್ಲ. ಉಳಿದವಳು ತಂಗಿ ರುದ್ರಾಣಿ. ಆಗ ಅವಳಿಗೆ ಹತ್ತೋ ಹನ್ನೊಂದೋ ವಯಸ್ಸು. ಅಣ್ಣ ಏನು ಮಾಡಿದರೂ ಬಾಯಿ ಬಿಟ್ಟುಕೊಂಡು ನೋಡುವ ಹುಡುಗಿ.

ಅಪ್ಪ ಅವ್ವ ಇಬ್ಬರೂ ನೆಂಟರ ಮನೆಯ ತಿಥಿಗೆ ಹೋದ ದಿನ ದೇವಣ್ಣ ತಂಗಿಯನ್ನು ಕೊಟ್ಟಿಗೆಯಲ್ಲಿ ಕೂರಿಸಿದ. ಅವಳು ಕನ್ನಡಿ ತಾನೇ ತಂದುಕೊಂಡಳು. ತನ್ನನ್ನು ರಾಣಿಯನ್ನೇ ಮಾಡಬೇಕು, ದಾಸಿ ಪಾರ್ಟು ಬೇಡ ಎಂದು ಕರಾರು ಹಾಕಿದಳು. ಸಫೇದ ಹಚ್ಚಿದ. ಮುಖ ಅಂಬಲಿ ಬಳಿದ ಹಾಗಾಯಿತು. ಇಬ್ಬರೂ ನಕ್ಕರು. ಕೆನ್ನೆಗೆ ಕೆಂಪು ಬಿದ್ದರೆ ಸರಿಹೋಗುತ್ತದೆ ಎನಿಸಿತು ದೇವಣ್ಣನಿಗೆ. ಕೆಂಪು ಇರಲಿಲ್ಲ. ಆದರೆ ಗೂಡಿನಲ್ಲಿ ಅಪ್ಪನ ಗುಲಾಬಿ ಬಣ್ಣದ ಡಬ್ಬಿ ಇತ್ತು, ಸೀರೆಯ ಸೆರಗಿಗೆ ಹಾಕುವಂಥದು. ಚಿಟಿಕೆಯಷ್ಟನ್ನು ಬಿಸಿ ನೀರಲ್ಲಿ ಕರಗಿಸಿ, ಬಟ್ಟೆ ಅದ್ದಿ, ಎಡಗೆನ್ನೆಯ ಮೇಲೆ ತಿಕ್ಕಿದ.

ರೇಷ್ಮೆಗೆ ಹಿಡಿಯುವ ಬಣ್ಣ ಚರ್ಮಕ್ಕೆ ಹಿಡಿಯದೆ ಬಿಟ್ಟೀತೇ? ಅಪ್ಪನ ಕೈ ನೋಡಿದ್ದರೆ ಸಾಕಿತ್ತು. ಮಹದೇವಯ್ಯನ ಬೆರಳುಗಳು ಒಂದು ವಾರ ಹಸಿರು, ಒಂದು ವಾರ ನೇರಳೆ. ಮನೆಯವರಿಗೆ ಅದು ಕಂಡೂ ಕಂಡೂ ಕಾಣದಂತಾಗಿತ್ತು. ರುದ್ರಾಣಿಯ ಕೆನ್ನೆ ಮಾತ್ರ ಎಲ್ಲರಿಗೂ ಕಾಣುವ ಹಾಗೆ ಗಾಢ ಗುಲಾಬಿಯಾಗಿ ನಿಂತುಕೊಂಡಿತು. ಸೀಗೇಕಾಯಿ ಹಾಕಿ ತೊಳೆದ. ಎಣ್ಣೆ ಹಾಕಿ ಒರೆಸಿದ. ಹುಣಸೆಹಣ್ಣು ಹಚ್ಚಿದ. ಬಿಳಿ ಹೋಯಿತು, ಗುಲಾಬಿ ಹೋಗಲಿಲ್ಲ. ಹೊತ್ತು ಇಳಿಯುತ್ತಿತ್ತು, ತಿಥಿಗೆ ಹೋದವರು ಬರುವ ಸಮಯ. ಹುಡುಗನಿಗೆ ಅಪ್ಪನ ಕೈಯ ಅಳತೆಗೋಲು ಕಣ್ಣಮುಂದೆ ಬಂತು.

ಆಗ ಅವನಿಗೆ ಹೊಳೆದದ್ದು ನೇಕಾರನ ಮಗನಿಗೆ ಮಾತ್ರ ಹೊಳೆಯುವಂಥ ಬುದ್ಧಿ. ಹುರಿಗೆ ತಪ್ಪು ಬಣ್ಣ ಬಿದ್ದರೆ ಅಪ್ಪ ಏನು ಮಾಡುತ್ತಿದ್ದ? ಬಣ್ಣ ಕೀಳುವ ಪುಡಿ ಎಂದು ಒಂದಿತ್ತು. ಗಂಧಕದ ಘಾಟು ಹೊಡೆಯುವ ಬಿಳಿ ಪುಡಿ. ಅದನ್ನು ಬಿಸಿ ನೀರಿಗೆ ಹಾಕಿ ಹುರಿ ಮುಳುಗಿಸಿದರೆ ನೋಡನೋಡುತ್ತಲೇ ಬಣ್ಣ ಇಳಿದು ರೇಷ್ಮೆ ಬೆಳ್ಳಗಾಗುತ್ತಿತ್ತು. ದೇವಣ್ಣ ಆ ಪುಡಿಯನ್ನು ನೀರಲ್ಲಿ ಕಲಸಿ, ಬಟ್ಟೆಗೆ ಮೆತ್ತಿ, ತಂಗಿಯ ಕೆನ್ನೆಗೆ ಒತ್ತಿ ಹಿಡಿದ.

“ಉರೀತದೆ ಕಣಣ್ಣ,” ಎಂದಳು ರುದ್ರಾಣಿ.

“ಇನ್ನೊಂದ್ ಗಳಿಗೆ ತಡಕೊ.”

ಅವಳು ತಡೆದುಕೊಂಡಳು. ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡು ತಡೆದುಕೊಂಡಳು. ಬಣ್ಣ ಹೋಯಿತು. ಆಗ ತನಗೆ ಸಂತೋಷವಾಯಿತಲ್ಲ, ಬದುಕಿದೆ ಎನಿಸಿತಲ್ಲ, ಅದನ್ನು ನೆನೆದರೆ ದೇವಣ್ಣನಿಗೆ ಮುದುಕನಾಗುವ ಕಾಲಕ್ಕೂ ಊಟ ಸೇರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಕೆನ್ನೆ ಕೆಂಪಗೆ ಊದಿ ಬೊಬ್ಬೆ ಎದ್ದಿತು.

“ಉಳ ಅರೀತು ಅನ್ನು,” ಎಂದ ದೇವಣ್ಣ. ಕಂಬಳಿಹುಳ ಹರಿದರೆ ಮೈ ಊದುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. “ಯಾರ್ ಕೇಳುದ್ರೂ ಅಷ್ಟೇ ಯೋಳು. ಮಾದಪ್ಪನ ಆಣೆ ಮಾಡು.”

ಮಾದಪ್ಪ ಎಂದರೆ ಬೆಟ್ಟದ ಮಹದೇಶ್ವರ. ಆ ಸೀಮೆಯಲ್ಲಿ ಅವನ ಹೆಸರಲ್ಲಿ ಆಣೆ ಮಾಡಿ ತಪ್ಪಿದವರಿಲ್ಲ, ತಪ್ಪಿದವರು ಉಳಿದಿಲ್ಲ ಎಂದು ಮಾತು. ಹುಡುಗಿ ಅಣ್ಣನ ಅಂಗೈ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಅವನು ಅಡುಗೆಮನೆಯಿಂದ ಒಂದು ಉಂಡೆ ಬೆಲ್ಲ ತಂದುಕೊಟ್ಟ. ಮನೆಗೆ ಬಂದ ಅಪ್ಪ ಅವ್ವನಿಗೆ ಹುಳದ ಕತೆ ಹೇಳಿದ್ದಾಯಿತು, ಅವರು ನಂಬಿದ್ದೂ ಆಯಿತು. ನಾಟಕದ ದಿನ ದೇವಣ್ಣ ಕದ್ದು ಹೋಗಿ ಚಿಕ್ಕಮಾದಪ್ಪನಿಗೆ ಕನ್ನಡಿ ಹಿಡಿದು ನಿಂತಿದ್ದ.

ಬೊಬ್ಬೆ ಒಡೆದು, ಹಕ್ಕಳೆ ಕಟ್ಟಿ ಉದುರಿತು. ಅದರ ಕೆಳಗೆ ನಾಲ್ಕಾಣೆ ಬಿಲ್ಲೆಯಷ್ಟು ಜಾಗ ಬೆಳ್ಳಗಿತ್ತು. ಇವತ್ತು ಹೋದೀತು, ನಾಳೆ ಹೋದೀತು ಎಂದು ದೇವಣ್ಣ ಕದ್ದು ಕದ್ದು ನೋಡುತ್ತಿದ್ದ. ಹೋಗಲಿಲ್ಲ. ಹುಳ ಹರಿದರೆ ಹೀಗೆ ಬೆಳ್ಳಗಾಗುವುದುಂಟೇ ಎಂದು ಬೀದಿಯವರು ಕೇಳತೊಡಗಿದರು. ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು? ಒಂದು ದಿನ ಕೊಳಾಯಿಯ ಹತ್ತಿರ ಯಾರೋ ‘ತೊನ್ನು’ ಎಂದರು. ಅಲ್ಲಿಂದ ಆ ಮಾತು ಹಿಂದಕ್ಕೆ ಹೋಗಲಿಲ್ಲ.

ವಸಂತಮ್ಮ ಬೆಟ್ಟಕ್ಕೆ ಹರಕೆ ಹೊತ್ತಳು. ಮಗಳ ಕೆನ್ನೆ ಮೊದಲಿನಂತಾಗುವವರೆಗೆ ವರ್ಷಕ್ಕೊಂದು ಸಲ ಬರಿಗಾಲಲ್ಲಿ ನಡೆದು ಬರುತ್ತೇನೆ ಎಂದು. ಹನೂರು ದಾಟಿ, ಕಾಡಿನ ದಾರಿಯಲ್ಲಿ ತಾಯಿ ಮಗಳು ನಡೆದರೆ ದೇವಣ್ಣ ಬುತ್ತಿಯ ಗಂಟು ಹೊತ್ತು ಹಿಂದೆ ನಡೆಯುತ್ತಿದ್ದ. ಒಮ್ಮೆ ಬೆಟ್ಟದ ಬುಡದ ತಾಳುಬೆಟ್ಟದಲ್ಲಿ ಅವ್ವ ಕಾಲಿಗೆ ಹೊಕ್ಕ ಮುಳ್ಳು ತೆಗೆಯುತ್ತ, ಯಾವ ಜನ್ಮದ ಪಾಪವೋ, ನನ್ನದಿರಬೇಕು, ಕೂಸು ಅನುಭವಿಸುತ್ತಿದೆ ಎಂದು ಕಣ್ಣೊರೆಸಿಕೊಂಡಳು. ಹೇಳಿಬಿಡಬೇಕೆಂದು ದೇವಣ್ಣನ ಗಂಟಲವರೆಗೆ ಬಂತು. “ಅವ್ವ,” ಎಂದ. ಅವಳು ತಲೆಯೆತ್ತಿ ನೋಡಿದಳು. “ನೀರ್ ಬೇಕಾ?” ಎಂದು ಕೇಳಿ ಚೊಂಬು ಹಿಡಿದು ಎದ್ದುಹೋದ. ಅಂಥ ಶೂರ.

ಅವನು ಮತ್ತೆ ಬಣ್ಣ ಮುಟ್ಟಬಾರದಿತ್ತು ಎಂದು ನಿಮಗೆ ಅನ್ನಿಸಬಹುದು. ಅವನಿಗೂ ಅನ್ನಿಸಿತ್ತು. ಆದರೆ ಚಿಕ್ಕಮಾದಪ್ಪ ಒಂದು ನಾಟಕದಲ್ಲಿ ಮುಖದ ಮೇಲೆ ಸುಟ್ಟ ಗಾಯವಿದ್ದವನೊಬ್ಬನನ್ನು ಕೂರಿಸಿಕೊಂಡು, ಗಾಯ ಇತ್ತೆಂಬುದೇ ತಿಳಿಯದ ಹಾಗೆ ಮುಚ್ಚಿದ್ದನ್ನು ಕಂಡ. ಅವತ್ತಿನಿಂದ ಹಸಿದವನ ಹಾಗೆ ಗುರುವಿನ ಬೆನ್ನು ಬಿದ್ದ. ಬಣ್ಣ ಹಚ್ಚುವುದು ಯಾರಿಗಾದರೂ ಬರುತ್ತದೆ, ಹಚ್ಚಿಯೇ ಇಲ್ಲ ಎನ್ನಿಸುವುದು ಕಷ್ಟ ಎಂದು ಗುರು ಹೇಳುತ್ತಿದ್ದ. ಶಿಷ್ಯ ಕಲಿತದ್ದು ಆ ಕಷ್ಟದ ಭಾಗವನ್ನು. ಮನೆಯಲ್ಲಿ ಅಪ್ಪನ ಕಣ್ಣು ತಪ್ಪಿಸಿ ತನ್ನ ಮುಖಕ್ಕೇ ಹಚ್ಚಿಕೊಂಡ, ತೊಳೆದುಕೊಂಡ, ಮತ್ತೆ ಹಚ್ಚಿಕೊಂಡ. ಸಫೇದಕ್ಕೆ ಎಷ್ಟು ಅರ್ದಳ, ಎಷ್ಟು ಇಂಗಳೀಕ, ದೀಪದ ಮಸಿ ಎಷ್ಟು ಬಿದ್ದರೆ ರುದ್ರಾಣಿಯ ಎಣ್ಣೆಗೆಂಪಿನ ಬಣ್ಣ ಬರುತ್ತದೆ ಎಂದು ಗೊತ್ತುಮಾಡಿಕೊಂಡ. ಯಾರ ಮುಖ ಮುಂದಿದ್ದರೂ ಅವನ ಕೈ ಮೊದಲು ಎಡಗೆನ್ನೆಗೆ ಹೋಗುವುದು ಆಗ ಶುರುವಾದದ್ದು. ಜನ ಅವನನ್ನು ಹೊಗಳತೊಡಗಿದರು. ಹೊಗಳಿದಾಗಲೆಲ್ಲ ಕಳ್ಳತನದ ಸೀರೆಗೆ ಬಹುಮಾನ ತೆಗೆದುಕೊಂಡ ಹಾಗೆ ಮುಖ ಕೆಳಗೆ ಹಾಕುತ್ತಿದ್ದ.

ಇಷ್ಟರಲ್ಲಿ ಮಹದೇವಯ್ಯ ಕೆಮ್ಮಿ ಕೆಮ್ಮಿ ತೀರಿಕೊಂಡ. ಈಗ ಹೆದರುವುದಕ್ಕೆ ಯಾರೂ ಇರಲಿಲ್ಲ. ಆದರೂ ದೇವಣ್ಣನಿಗೆ ಬಾಯಿ ಬರಲಿಲ್ಲ. ಮೊದಲ ದಿನ ಹೇಳಿದ್ದರೆ ನಾಲ್ಕು ಏಟು ಬೀಳುತ್ತಿತ್ತು, ಅಷ್ಟೆ. ಈಗ ಹೇಳಿದರೆ, ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಅವನ ಬಳಿ ಉತ್ತರವಿರಲಿಲ್ಲ. ಒಂದೇ ಒಂದು ಸಮಾಧಾನ ಮಾಡಿಕೊಂಡಿದ್ದ. ರುದ್ರಾಣಿಯೂ ಯಾರಿಗೂ ಹೇಳಿಲ್ಲ, ದೊಡ್ಡವಳಾಗಿದ್ದಾಳೆ, ಬುದ್ಧಿ ಬಂದಿದೆ, ಹೇಳಬೇಕು ಎನ್ನಿಸಿದ್ದರೆ ಹೇಳುತ್ತಿರಲಿಲ್ಲವೇ? ಅವಳೇ ಮರೆತಿರಬೇಕು, ಇಲ್ಲವೇ ಕ್ಷಮಿಸಿರಬೇಕು. ಈ ಸಮಾಧಾನದ ಮೇಲೆ ಮಲಗಿ ಏಳುತ್ತಿದ್ದ.

ಹೆಣ್ಣು ನೋಡುವವರು ಬರತೊಡಗಿದರು, ಹೋಗತೊಡಗಿದರು. ಪಕ್ಕದ ಮುಡಿಗುಂಡದವರು ಕಾಫಿ ಕುಡಿದು, ನಾಳೆ ಹೇಳಿಕಳಿಸುತ್ತೇವೆ ಎಂದರು. ಹೇಳಿಕಳಿಸಲಿಲ್ಲ. ಊರವರೇ ಆದ ಇನ್ನೊಬ್ಬರು ಕಾಫಿಯನ್ನೂ ಕುಡಿಯಲಿಲ್ಲ. ತೊನ್ನು ಎಂದರೆ ಮನೆತನದ್ದು, ನಾಳೆ ಮಕ್ಕಳಿಗೂ ಬರುತ್ತದೆ ಎಂದು ಜಗಲಿಯ ಮೇಲೆ ಕೂತೇ ಮಾತಾಡಿಕೊಂಡರು. ಒಳಗೆ ರುದ್ರಾಣಿ ರಾಟೆ ತಿರುಗಿಸುತ್ತ ಕೇಳಿಸಿಕೊಂಡಳು. ದೇವಣ್ಣ ಮಗ್ಗದ ಗುಂಡಿಯಲ್ಲಿ ಕೂತು ಕೇಳಿಸಿಕೊಂಡ. ಅವಳ ಓರಗೆಯವರ ಮಕ್ಕಳು ಬೀದಿಯಲ್ಲಿ ಆಡುತ್ತಿದ್ದವು.

ಹೀಗೆ ಎಂಟೊಂಬತ್ತು ವರ್ಷ ಕಳೆದ ಮೇಲೆ ಮಾಂಬಳ್ಳಿಯಿಂದ ಒಂದು ಸಂಬಂಧ ಬಂತು. ನಮ್ಮವರೇ, ಎರಡು ಮಗ್ಗ, ಜೊತೆಗೆ ಸ್ವಲ್ಪ ಹೊಲ. ಹುಡುಗ ಬಸವಯ್ಯ, ಮಾತು ಕಡಿಮೆ, ಒಳ್ಳೆಯವನು. ತಾಯಿ ರಂಗಮ್ಮನದೇ ಮನೆಯಲ್ಲಿ ಯಜಮಾನಿಕೆ, ಗಂಡ ಅವಳ ಮಾತು ಮೀರುವವನಲ್ಲ. ಹುಡುಗಿ ಒಪ್ಪಿಗೆಯಾದರೆ ಅವತ್ತೇ ಹೂ ಮುಡಿಸಿ ಹೋಗುತ್ತಾರೆ, ದಿನ ಒಳ್ಳೆಯದಿದೆ ಎಂದು ಮಧ್ಯಸ್ಥರು ಹೇಳಿದರು. ಕೆನ್ನೆಯ ವಿಷಯ ಅವರಿಗೆ ತಿಳಿಯದು.

ವಸಂತಮ್ಮ ಮಗನ ಮುಂದೆ ಬಂದು ನಿಂತಳು. “ನಿನ್ ವಿದ್ಯೆ ಊರ್ಗೆಲ್ಲ ಆಯ್ತದೆ. ತಂಗಿಗೆ ಆಗಲ್ವಾ?” ಎಂದಳು.

ಅದಕ್ಕೇ ಕಲಿತದ್ದಲ್ಲವೇ? ಅವತ್ತು ದೇವಣ್ಣ ಪೆಟ್ಟಿಗೆ ತೆಗೆದು, ಆ ಕೊಟ್ಟಿಗೆಯಲ್ಲೇ, ಬೆಳಕಿಗೆ ಎದುರಾಗಿ ತಂಗಿಯನ್ನು ಕೂರಿಸಿದ. ಆ ದಿನದ ಮೇಲೆ ಅವಳ ಮುಖಕ್ಕೆ ಕೈಯಿಟ್ಟಿರಲಿಲ್ಲ. ಬಣ್ಣ ಅರೆದ. ಮೂರು ಸೀಮೆ ಹೊಗಳಿದ ಕೈ ಕೆನ್ನೆಯ ಹತ್ತಿರ ಹೋಗಿ ನಿಂತಿತು. ರುದ್ರಾಣಿ ಕಣ್ಣು ಮುಚ್ಚಿಯೇ ಕೂತಿದ್ದಳು.

“ಇದು ಉರಿಯಲ್ಲ ಬುಡಣ್ಣ. ಅಚ್ಚು,” ಎಂದಳು.

ಮರೆತಿಲ್ಲ ಇವಳು ಎಂದು ಅವನಿಗೆ ಆಗ ಗೊತ್ತಾಯಿತು. ಹಚ್ಚಿದ. ಬಿಳಿ ಮುಚ್ಚಿಹೋಯಿತು. ಮುಂದೆ ಅವರಿಗೆ ಗೊತ್ತಾದರೆ ಏನು ಮಾಡುವುದು ಎಂದು ಅವಳು ಕೇಳಿದಳು. ಮದುವೆಯೊಂದು ಆಗಲಿ, ಆಮೇಲೆ ನೋಡಿಕೊಳ್ಳೋಣ ಎಂದ. ಅವಳು ಕನ್ನಡಿ ತೆಗೆದುಕೊಂಡು ತನ್ನ ಮುಖವನ್ನು ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದಳು.

ಮಾಂಬಳ್ಳಿಯವರು ಬಂದರು. ನಡುಮನೆಯಲ್ಲಿ ಚಾಪೆ ಹಾಸಿತ್ತು. ರುದ್ರಾಣಿ ಬಂದು ನಮಸ್ಕಾರ ಮಾಡಿ ಕೂತಳು. ಬಸವಯ್ಯ ಒಂದು ಸಲ ನೋಡಿ, ಇನ್ನೊಂದು ಸಲ ನೋಡಿ, ಅವ್ವನ ಕಡೆ ತಲೆಯಾಡಿಸಿದ. ರಂಗಮ್ಮನ ಮುಖ ಅರಳಿತು. ವಸಂತಮ್ಮ ಒಳಗೆ ಹೋಗಿ ದೇವರ ಗೂಡಿನ ಮುಂದೆ ಕೈಮುಗಿದು ಬಂದಳು. ದೇವಣ್ಣ ಗಂಡಸರ ಜೊತೆ ಬಾಗಿಲ ಬಳಿ ಕೂತು ಬಿಟ್ಟ ಉಸಿರು ಎಂಟೊಂಬತ್ತು ವರ್ಷದ್ದು.

ಆಗ ರಂಗಮ್ಮ ಅರಿಶಿನದ ಬಟ್ಟಲು ಕೇಳಿದಳು.

ನೂರಾರು ಮುಖ ಮಾಡಿದ್ದ ದೇವಣ್ಣನಿಗೆ ಇದೊಂದು ಹೊಳೆದಿರಲಿಲ್ಲ. ರಂಗದ ಮೇಲೆ ರಾಣಿಯ ಕೆನ್ನೆಯನ್ನು ಯಾರೂ ಒದ್ದೆ ಕೈಯಲ್ಲಿ ಮುಟ್ಟುವುದಿಲ್ಲ. ಹೂ ಮುಡಿಸುವ ಮೊದಲು ಹುಡುಗಿಯ ಕೆನ್ನೆಗೆ ಅರಿಶಿನ ಹಚ್ಚುತ್ತಾರೆ ಎಂಬುದು ಮೂರು ವರ್ಷದ ಕೂಸಿಗೂ ಗೊತ್ತು. ವಸಂತಮ್ಮನಿಗೂ ಆತುರದಲ್ಲಿ ಅದು ಮರೆತಿತ್ತು. ಮುತ್ತೈದೆಯರು ಕೈ ತೊಳೆದರು. ಅವರಲ್ಲಿ ಹಿರಿಯಳು ರಂಗಮ್ಮನೇ. ಅರಿಶಿನಕ್ಕೆ ನೀರು ಹಾಕಿ ಕಲಸಿ, ಎರಡೂ ಅಂಗೈಗೆ ಬಳಿದುಕೊಂಡು, ಭಾವಿ ಸೊಸೆಯ ಎರಡು ಕೆನ್ನೆಗೂ ಪ್ರೀತಿಯಿಂದ, ಗಟ್ಟಿಯಾಗಿ ಸವರಿದಳು. ದೇವಣ್ಣ ಎದ್ದು ನಿಂತ. ಎದ್ದು ಮಾಡುವುದೇನೂ ಇರಲಿಲ್ಲ.

ರಂಗಮ್ಮ ಬಲಗೈ ತೆಗೆದು ನೋಡಿಕೊಂಡಳು. ಅಂಗೈಯಲ್ಲಿ ಅರಿಶಿನದ ಜೊತೆ ಬೇರೆ ಬಣ್ಣ ಬಂದಿತ್ತು. ಹುಡುಗಿಯ ಎಡಗೆನ್ನೆಯಲ್ಲಿ ಅರಿಶಿನದ ನಡುವಿನಿಂದ ಬಿಳಿ ಕಾಣುತ್ತಿತ್ತು. ಜೊತೆಗೆ ಬಂದಿದ್ದ ಮುದುಕಿಯೊಬ್ಬಳು ಮೂಗಿನ ಮೇಲೆ ಬೆರಳಿಟ್ಟು, ತೊನ್ನು ಕಣ್ರವ್ವ, ಬಣ್ಣ ಬಳಿದು ಕೂರಿಸಿದ್ದಾರೆ ಎಂದಳು. ವಸಂತಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

“ಏನವ್ವ ಇದು?” ಎಂದು ರಂಗಮ್ಮ ಹುಡುಗಿಯನ್ನೇ ಕೇಳಿದಳು.

ರುದ್ರಾಣಿ ತಲೆಯೆತ್ತಲಿಲ್ಲ. “ಚಿಕ್ಕೋಳಿದ್ದಾಗ ಉಳ ಅರೀತು,” ಎಂದಳು.

ಇವತ್ತೂ ಅದೇ ಮಾತು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುವ ಗಳಿಗೆಯಲ್ಲೂ ಅವಳು ಅಣ್ಣನನ್ನು ಬಿಟ್ಟುಕೊಡಲಿಲ್ಲ. ದೇವಣ್ಣನಿಗೆ ತನ್ನ ಮೇಲೆ ಹುಟ್ಟಿದ ಹೇಸಿಗೆ ಅಷ್ಟಿಷ್ಟಲ್ಲ. ಹೆಂಗಸರ ನಡುವೆ ನಡೆದು ಬಂದು ಚಾಪೆಯ ಮುಂದೆ ನಿಂತ.

“ಉಳ ಅಲ್ಲ ಕಣವ್ವ. ನಾನು,” ಎಂದ. “ಬಣ್ಣ ಕಲೀತೀನಿ ಅಂತ ಇವಳ ಕೆನ್ನೆಗೆ ಸೀರೆ ಬಣ್ಣ ಅಚ್ದೆ. ಓಗ್ನಿಲ್ಲ. ಅಪ್ಪನ್ ಏಟ್ಗೆ ಎದ್ರಿ, ಬಣ್ಣ ಕೀಳೋ ಪುಡಿ ಆಕಿ ಉಜ್ಜುಬುಟ್ಟೆ. ಅದು ಸುಟ್ಟಿರೋದು. ಕಾಯ್ಲೆ ಅಲ್ಲ.”

ಇಷ್ಟೇ ಮಾತು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಹಿಡಿಯಲಿಲ್ಲ. ರಂಗಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಕೈಯ ಅರಿಶಿನವನ್ನು ಚಾಪೆಯ ಅಂಚಿಗೆ ಒರೆಸಿ, ಬೆರಳುಗಳನ್ನು ಅಗಲಿಸಿ ಎಲ್ಲರ ಮುಂದೆ ಹಿಡಿದಳು. ಬೆರಳ ಸಂದುಗಳಲ್ಲಿ, ಉಗುರಿನ ಬುಡದಲ್ಲಿ ಅಲ್ಲಲ್ಲಿ ಬಿಳಿ ಕಲೆಗಳು. ಕೆನ್ನೆಯ ಮೇಲಿದ್ದ ಬಿಳಿಯೇ.

“ನಮ್ಮನೇಲೂ ಕಡಾಯಿ ಅದೆ. ಆ ಪುಡಿ ನೀರ್ಗೆ ಕೈ ಆಕಿ ಆಕಿ ನಂಗೂ ಇಂಗೇ ಆಗದೆ,” ಎಂದಳು. ಮೂಗಿನ ಮೇಲೆ ಬೆರಳಿಟ್ಟ ಮುದುಕಿಗೆ ಆ ಕೈ ತೋರಿಸಿ, ಇದೂ ತೊನ್ನೇನವ್ವ ಎಂದು ಕೇಳಿದಳು. ಮುದುಕಿ ಬೆರಳು ಕೆಳಗಿಳಿಸಿದಳು. ರಂಗಮ್ಮ ಮತ್ತೆ ದೇವಣ್ಣನ ಕಡೆ ತಿರುಗಿದಳು. “ಒಂದ್ ಮಾತು ಕಣಪ್ಪ. ಯಾವ್ ನೇಕಾರರ ಎಣ್ಣಿಗಾದ್ರೂ ಈ ಒಂದ್ ಮಾತು ಯೋಳಿದ್ರೆ ಮುಗೀತಿತ್ತು. ಇಷ್ಟ್ ವರ್ಷ ಯಾಕ್ ಸುಮ್ಕಿದ್ದೆ?”

ಆ ಪ್ರಶ್ನೆ ಬರುತ್ತದೆಂದು ಅವನಿಗೆ ಮೊದಲಿನಿಂದ ಗೊತ್ತಿತ್ತು. ಅವನು ನಿಂತೇ ಇದ್ದ.

ರಂಗಮ್ಮ ಮಗನನ್ನು ಕರೆದು ಕೇಳಿದಳು. ಬಸವಯ್ಯ ತಾನು ಆಗಲೇ ತಲೆಯಾಡಿಸಿದ್ದೇನಲ್ಲ ಎಂದ. ಬಣ್ಣ ಬಳಿದು ಮೋಸ ಮಾಡಹೊರಟದ್ದಕ್ಕೆ ರಂಗಮ್ಮ ವಸಂತಮ್ಮನಿಗೂ ದೇವಣ್ಣನಿಗೂ ಚೆನ್ನಾಗಿ ಬೈದಳು. ಬೈಯುತ್ತಲೇ ಒಂದು ಒದ್ದೆ ಬಟ್ಟೆ ತರಿಸಿ, ರುದ್ರಾಣಿಯ ಮುಖದಿಂದ ದೇವಣ್ಣನ ವಿದ್ಯೆಯನ್ನೆಲ್ಲ ಒರೆಸಿ ತೆಗೆದು, ಬರಿಯ ಕೆನ್ನೆಗೆ ಮತ್ತೊಮ್ಮೆ ಅರಿಶಿನ ಹಚ್ಚಿ, ಕುಂಕುಮ ಇಟ್ಟು ಹೂ ಮುಡಿಸಿದಳು.

ಬೀಗರು ಊಟ ಮಾಡಿ ಹೊರಟ ಮೇಲೆ ವಸಂತಮ್ಮ ಕಂಬಕ್ಕೆ ಒರಗಿ ಕಾಲು ನೀಡಿ ಕೂತಳು. ಮಗ ಹತ್ತಿರ ಹೋದ. ಅವಳು ಅವನ ಮುಖ ನೋಡದೆ ತನ್ನ ಒಡೆದ ಹಿಮ್ಮಡಿಯನ್ನೇ ನೋಡುತ್ತಿದ್ದಳು. “ಎಷ್ಟ್ ಸಲ ಬೆಟ್ಟ ಅತ್ತುದ್ನಲ್ಲೋ,” ಎಂದಳು. ಆಮೇಲೆ ಮದುವೆ ಮುಗಿಯುವ ತನಕ ಅವನ ಜೊತೆ ಮಾತಾಡಲಿಲ್ಲ. ಎಲೆ ಹಾಕಿ, ಬಡಿಸಿ, ಎದ್ದುಹೋಗುತ್ತಿದ್ದಳು.

ಸಂಜೆ ಇನ್ನೂ ಬೆಳಕಿರುವಾಗ ರುದ್ರಾಣಿ ಹಿತ್ತಿಲಲ್ಲಿ ಮುಖ ತೊಳೆಯುತ್ತಿದ್ದಳು. ದೇವಣ್ಣ ಹೋಗಿ ಸ್ವಲ್ಪ ದೂರದಲ್ಲಿ ನಿಂತ. ಕಾಲಿಗೆ ಬೀಳೋಣವೆಂದರೆ ಚಿಕ್ಕವಳು. ಅವಳೇ ಬೈದರೆ ಸಾಕು, ಅತ್ತರೆ ಸಾಕು ಎನಿಸುತ್ತಿತ್ತು. ಅವಳು ಎರಡೂ ಮಾಡಲಿಲ್ಲ.

“ಇವತ್ತೂ ಉಳ ಅಂದ್ಯಲ್ಲ ರುದ್ರಿ,” ಎಂದ. “ಅಪ್ಪ ಸತ್ಮೇಲಾದ್ರೂ ಅವ್ವಂಗೆ ಯೋಳ್ಬೋದಿತ್ತು. ಯಾಕ್ ಯೋಳ್ನಿಲ್ಲ?”

ರುದ್ರಾಣಿ ಚೊಂಬು ಕೆಳಗಿಟ್ಟು, ಅವನು ತಮಾಷೆ ಮಾಡುತ್ತಿದ್ದಾನೇನೋ ಎಂಬಂತೆ ನೋಡಿದಳು.

“ನೀನು ಆಣೆ ಬುಡ್ಸ್ನಿಲ್ವಲ್ಲಣ್ಣ.”

“ಯಾವ ಆಣೆ?” ಎಂದ ದೇವಣ್ಣ.

ಅವನಿಗೆ ನೆನಪಾಗಲಿ ಎಂದು ಅವಳು ಕಾದಳೇನೋ. ಮುಖದಿಂದ ಅರಿಶಿನದ ನೀರು ಇಳಿದು ರವಿಕೆಯ ಮೇಲೆ ಬೀಳುತ್ತಿತ್ತು.

“ಮಾದಪ್ಪನ ಆಣೆ. ನಿನ್ ಕೈ ಮೇಲೆ ಕೈ ಮಡ್ಗಿ ಮಾಡಿದ್ನಲ್ಲ,” ಎಂದಳು. “ಅವ್ವ ಬೆಟ್ಟಕ್ಕೆ ಕರ್ಕಂಡು ಓದಾಗ್ಲೆಲ್ಲ, ಕೆನ್ನೆ ವಾಸಿ ಮಾಡು ಅಂತ ಅವಳು ಕೇಳ್ಕತಿದ್ಲು. ನಾನು ಅದ್ ಕೇಳ್ತಿರ್ನಿಲ್ಲ. ನಮ್ಮಣ್ಣಂಗೆ ಗ್ಯಾಪಕ ಕೊಡಪ್ಪ ಅಂತ ಕೇಳ್ಕತಿದ್ದೆ.”

ಬೆಲ್ಲದ ಉಂಡೆ ಅವನಿಗೆ ನೆನಪಾಯಿತು. ಅಳತೆಗೋಲು, ಬಾಯಲ್ಲಿ ತುರುಕಿದ ಲಂಗದ ಅಂಚು, ಎಲ್ಲ ನೆನಪಿತ್ತು. ಆಣೆಯೊಂದೇ ಇರಲಿಲ್ಲ. ಹೇಳಿದ ಮರುಗಳಿಗೆಯೇ ಅದನ್ನು ಎಲ್ಲೋ ಬಿಸಾಕಿ ಎದ್ದುಹೋಗಿದ್ದ. ಅವಳು ಅದನ್ನು ಹೊತ್ತುಕೊಂಡು ಅಷ್ಟೂ ಸಲ ಬೆಟ್ಟ ಹತ್ತಿದ್ದಳು, ಅವನು ಬುತ್ತಿ ಹೊತ್ತು ಹಿಂದೆಯೇ ನಡೆದಿದ್ದ.

“ಬುಟ್ಟೆ ಕಣವ್ವ,” ಎಂದ ದೇವಣ್ಣ. “ಆಣೆ ಬುಟ್ಟೆ.”

ರುದ್ರಾಣಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಊಂ,” ಎಂದು ಚೊಂಬು ಎತ್ತಿಕೊಂಡು, ರಂಗಮ್ಮ ಮುಡಿಸಿದ ಹೂವು ಜಾರದ ಹಾಗೆ ಒಂದು ಕೈಯಲ್ಲಿ ಹಿಡಿದು ಒಳಗೆ ಹೋದಳು.